ಹುಳುಮನೆಯ ಮೇಲೆ ಹೊರಿಸಿದ ತಪ್ಪು

ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಡಂ. ತಂದೆ ತಾಯಿಯ ಗುಣ ಮಕ್ಕಳಿಗೆ ಹೇಗೆ ಇಳಿಯುತ್ತದೆ ಎಂದು ಪ್ರತಿ ವರ್ಷ ಬೋರ್ಡಿನ ಮೇಲೆ ಚೌಕ ಎಳೆದು ವಿವರಿಸುತ್ತೇನೆ, ಅರ್ಥವಾಗದವರನ್ನು ಗದರುತ್ತೇನೆ. ಇಷ್ಟು ಗೊತ್ತಿದ್ದವಳು ಮಗಳ ಡಾಕ್ಟರ ಮುಂದೆ ಹಸಿ ಸುಳ್ಳು ಹೇಳಿದೆ. ಬರೆಯುವಾಗ ಈಗಲೂ ಮುಖ ಬಿಸಿಯಾಗುತ್ತದೆ.

ಮಗಳಿಗೆ ಆಗ ಆರು ವರ್ಷ. ಕೂಸಾಗಿದ್ದಾಗ ಮೊಣಕಾಲಿನ ಹಿಂದೆ ಕೆಂಪಗೆ ತುರಿಕೆ, ಆಮೇಲೆ ಬೆಳಗಾದರೆ ಸೀನು, ಈಗ ಎದೆಯಲ್ಲಿ ಸುಂಯ್ ಅನ್ನುವ ಸದ್ದು. ನಾವಿರುವ ತುಮಕೂರಿನ ಬಟವಾಡಿಯ ಕ್ಲಿನಿಕ್ಕಿನಲ್ಲಿ ಡಾಕ್ಟರು ಫೈಲು ತೆಗೆದು ಕೇಳಿದರು, "ನಿಮ್ಮಿಬ್ರಲ್ಲಿ ಯಾರಿಗಾದ್ರೂ ಆಸ್ತಮಾ, ಅಲರ್ಜಿ ಇದೆಯಾ? ಚಿಕ್ಕವರಿದ್ದಾಗ ಇತ್ತಾ?"

ಗಂಡ ಇಲ್ಲ ಅಂದರು. ಅವರದು ನಿಜ. ನಾನೂ ಇಲ್ಲ ಅಂದೆ.

ಗುಬ್ಬಿಯಲ್ಲಿ ನನ್ನ ಬಾಲ್ಯದ ಚಳಿಗಾಲಗಳೆಲ್ಲ ಗೋಡೆಗೆ ದಿಂಬು ಒರಗಿಸಿ, ಕೂತೇ ಉಸಿರೆಳೆಯುವುದರಲ್ಲಿ ಕಳೆದಿದ್ದವು. ಹೆಣ್ಣು ನೋಡಲು ಬರುವ ದಿನ ಅಮ್ಮ ನನ್ನ ಸೆರಗು ಸರಿಮಾಡುತ್ತಾ, "ಕೇಳಿದ್ರೆ ಧೂಳಿಗೆ ಸ್ವಲ್ಪ ಸೀನು ಬರುತ್ತೆ ಅನ್ನು ಕಣೇ, ಸಾಕು" ಅಂದಿದ್ದಳು. ಅವರು ಕೇಳಲಿಲ್ಲ. ಆಮೇಲೆ ಹೇಳುವ ಧೈರ್ಯ ನನಗೆ ಬರಲಿಲ್ಲ. ಉಸಿರು ಕಟ್ಟಿದಾಗ ಬಾತ್‌ರೂಮಿಗೆ ಹೋಗಿ, ನಲ್ಲಿ ಬಿಟ್ಟು, ಇನ್‌ಹೇಲರ್ ಎಳೆದುಕೊಂಡು ಮುಖ ತೊಳೆದು ಬರುತ್ತಿದ್ದೆ. ಮಗಳು ಬೆನ್ನು ಬಿಡದಿದ್ದರೆ ಅವಳನ್ನೂ ಒಳಗೆ ಕರೆದುಕೊಳ್ಳುತ್ತಿದ್ದೆ. ಮಗುವಿಗೇನು ಗೊತ್ತಾಗುತ್ತದೆ ಅಂದುಕೊಂಡಿದ್ದೆ.

ಇಲ್ಲ ಅಂದು ಸುಮ್ಮನಿದ್ದಿದ್ದರೂ ಆಗುತ್ತಿತ್ತು. ನನ್ನ ಬಾಯಿ ಸುಮ್ಮನಿರಲಿಲ್ಲ. "ಊರಲ್ಲಿ ನಮ್ಮತ್ತೆ ರೇಷ್ಮೆ ಹುಳ ಸಾಕ್ತಾರೆ ಡಾಕ್ಟ್ರೇ. ರಜಕ್ಕೆ ಹೋದ್ರೆ ಇವಳು ಹುಳುಮನೇಲೇ ಇರ್ತಾಳೆ."

"ಅದರಿಂದ್ಲೂ ಕೆಲವರಿಗೆ ಆಗುತ್ತೆ. ಸ್ವಲ್ಪ ದಿನ ದೂರ ಇಟ್ಟು ನೋಡಿ" ಅಂದರು. ಸ್ವಲ್ಪ ದಿನ ಎನ್ನುವುದನ್ನು ಅತ್ತೆಗೆ ಹೇಳುವಾಗ ನಾನು ನುಂಗಿಕೊಂಡೆ.

ಅತ್ತೆಯ ಊರು ಕುಣಿಗಲ್ ಕಡೆ, ಹುತ್ರಿದುರ್ಗದ ಬೆಟ್ಟದ ಕೆಳಗೆ. ಮನೆಯ ಪಕ್ಕ ಹುಳುಮನೆ, ಹಿಂದೆ ಹುಳಕ್ಕೆ ಸೊಪ್ಪು ಕೊಡುವ ಹಿಪ್ಪುನೇರಳೆ ತೋಟ. ಹುಳ ಆಗಷ್ಟೇ ಮೂರನೇ ಜ್ವರದಿಂದ ಎದ್ದಿದ್ದವು. ಹುಳ ಪೊರೆ ಬಿಡುವುದಕ್ಕೆ ಅಲ್ಲಿ ಜ್ವರ ಅನ್ನುತ್ತಾರೆ, ಮಕ್ಕಳಿಗೆ ಅನ್ನುವ ಹಾಗೇ. ಫೋನಿನಲ್ಲಿ ನಾನು ಹೇಳಿದ್ದು ಕೇಳಿ ಅತ್ತೆ, "ಮಗೀನ ಉಸ್ರಿಗಿಂತ ಹುಳ ಹೆಚ್ಚಾ? ಬುಡು, ಇದೊಂದ್ ಬೆಳೆ ಆಗ್ಲಿ, ನಿಲ್ಲುಸ್‌ಬುಡ್ತೀನಿ" ಅಂದರು. ನಿಲ್ಲಿಸಿಯೂ ಬಿಟ್ಟರು. ಗೂಡು ಕಟ್ಟಿಸುವ ಬಿದಿರಿನ ಚಂದ್ರಿಕೆಗಳನ್ನು ಪಕ್ಕದವರಿಗೆ ಕೊಟ್ಟು, ಹುಳುಮನೆಗೆ ಸುಣ್ಣ ಬಳಿಸಿದರು. ಸುದ್ದಿ ಕೇಳಿ ನನಗೆ ಹಾಯೆನಿಸಿತು. ಹೇಳಲು ನಾಚಿಕೆ, ಆದರೆ ನಿಜಕ್ಕೂ ಹಾಯೆನಿಸಿತು.

ಹುಳವೇ ಇಲ್ಲದ ತುಮಕೂರಿನಲ್ಲಿ ಮುಂದಿನ ಚಳಿಗಾಲ ಮಗಳ ಎದೆ ಮತ್ತೆ ಸುಂಯ್ ಅಂದಿತು. ಗಂಡ ವಸಂತನರಸಾಪುರದ ಫ್ಯಾಕ್ಟರಿಗೆ ಹೋಗಿದ್ದರು. ನಮ್ಮಲ್ಲಿಗೆ ಬಂದಿದ್ದ ಅತ್ತೆ ನನ್ನ ಜೊತೆ ಕ್ಲಿನಿಕ್ಕಿಗೆ ಹೊರಟರು. ಡಾಕ್ಟರು ಇನ್‌ಹೇಲರ್ ಎಳೆಯುವುದನ್ನು ಕಲಿಸಲು ಬಾಯಿ ತೆರೆಯುವಷ್ಟರಲ್ಲಿ ಮಗಳು ಅದನ್ನು ತೆಗೆದುಕೊಂಡು ಕುಲುಕಿ, ಉಸಿರೆಲ್ಲ ಬಿಟ್ಟು, ಬಾಯಿಗಿಟ್ಟು ನಿಧಾನವಾಗಿ ಎಳೆದು, ಬೆರಳು ಮಡಚಿ ಹತ್ತರವರೆಗೆ ಉಸಿರು ಹಿಡಿದಳು.

"ಯಾರಮ್ಮ ಕಲಿಸಿದ್ದು?"

"ಅಮ್ಮ ಬಾತ್‌ರೂಮಲ್ಲಿ ಹಿಂಗೇ ಮಾಡ್ತಾರೆ. ನಲ್ಲಿ ಬಿಟ್ಕೊಂಡು."

ಡಾಕ್ಟರು ಬೈಯಲಿಲ್ಲ. ಫೈಲಿನಲ್ಲಿದ್ದ ‘ಇಲ್ಲ’ವನ್ನು ಹೊಡೆದು ಹಾಕಿದರು. ತಾಯಿಗಿದ್ದರೆ ಮಗುವಿಗೆ ಬರುವ ಸಾಧ್ಯತೆ ಹೆಚ್ಚು, ಬಂದೇ ಬರುತ್ತದೆ ಅಂತಲ್ಲ, ಅದು ಯಾರ ತಪ್ಪೂ ಅಲ್ಲ, ಮೊದಲೇ ತಿಳಿದಿದ್ದರೆ ತಮಗೆ ಅನುಕೂಲವಾಗುತ್ತಿತ್ತು ಎಂದರು. ನನ್ನ ಪಾಠವನ್ನೇ ನನಗೆ ಒಪ್ಪಿಸಿದ ಹಾಗಿತ್ತು. ಅತ್ತೆಯ ಕಡೆ ತಿರುಗಲು ನನಗಾಗಲಿಲ್ಲ.

ಆಟೋದಲ್ಲಿ ಮಗಳು ಅಜ್ಜಿಯ ತೊಡೆಯ ಮೇಲಿದ್ದಳು. ರಸ್ತೆ ನೋಡುತ್ತಲೇ ಹೇಳಿದೆ, "ತಪ್ಪಾಯ್ತು ಅತ್ತೆ. ಗೊತ್ತಿದ್ದೂ ಹುಳದ ಮೇಲೆ ಹಾಕ್ದೆ. ನೀವು ಮತ್ತೆ ಸಾಕಿ. ಚಂದ್ರಿಕೆ ನಾನೇ ಕೊಡಿಸ್ತೀನಿ."

ಅತ್ತೆ ಮಗುವಿನ ಸ್ವೆಟರಿನ ಗುಂಡಿ ಹಾಕಿದರು.

"ಸೊಪ್ಪೆಲ್ಲೈತೆ ಸಾಕಕ್ಕೆ? ತೋಟಾನೂ ಬೇರ್ ಸಮೇತ ಕೀಳುಸ್‌ಬುಟ್ಟೆ ಕಣವ್ವ. ಎಲೆ ಧೂಳೂ ಮಗೀಗೆ ಆಗಾಕಿಲ್ವೇನೋ ಅಂತ."