ಅಂಜನಮ್ಮ ಸತ್ತ ಬಗೆ

ತಾನು ಸತ್ತು ಹತ್ತೊಂಬತ್ತು ವರ್ಷವಾಯಿತೆಂಬ ಸುದ್ದಿ ಅಂಜನಮ್ಮನಿಗೆ ತಿಳಿದದ್ದು ಒಂದು ಶನಿವಾರ ಬೆಳಿಗ್ಗೆ, ಗಾಂಧಿ ಬಜಾರಿನಲ್ಲಿ, ಕಟ್ಟಿದ ಕನಕಾಂಬರವನ್ನು ಬಸವಪ್ರಭುವಿನ ಹೂವಿನಂಗಡಿಗೆ ಕೊಡಲು ಹೋದಾಗ.

ಅಂಗಡಿಯ ಎದುರು ಕಂಬಕ್ಕೆ ದೊಡ್ಡ ಬ್ಯಾನರು ಕಟ್ಟಿದ್ದರು. ಕಪ್ಪು ಬಟ್ಟೆಯ ಮೇಲೆ ರಕ್ತ ಸೋರುವ ಹಾಗೆ ಬರೆದ ಕೆಂಪಕ್ಷರ. ನಾಲ್ಕನೇ ಕ್ಲಾಸಿಗೇ ಸ್ಕೂಲು ಬಿಟ್ಟವಳಿಗೆ ಓದುವುದೆಂದರೆ ಅಕ್ಷರಕ್ಕೊಂದು ಉಸಿರು. ‘ಅಂ... ಜ... ನ... ಮ್ಮ... ನ... ಶಾಪ’ ಎಂದು ಕೂಡಿಸಿಕೊಂಡಳು. ಯಾರೋ ತನ್ನ ಹೆಸರಿನವಳೇ ಇರಬೇಕು ಎಂದುಕೊಂಡು ಕೆಳಗಿನ ಸಾಲಿಗೆ ಕಣ್ಣು ಹಾಯಿಸಿದಳು. ‘ಆನಂದಲೋಕದ ಭೂತದ ಮನೆಯಲ್ಲಿ ಹತ್ತೊಂಬತ್ತು ವರ್ಷದ ಹಿಂದೆ ಗಂಡನ ಕೈಯಲ್ಲೇ ಸತ್ತವಳು ಮತ್ತೆ ಬರುತ್ತಿದ್ದಾಳೆ!’

ಬುಟ್ಟಿ ಕೈಯಿಂದ ಜಾರಿತು.

“ಏನಜ್ಜೀ, ಹಂಗೆ ನಿಂತ್ಬಿಟ್ರಿ?” ಎಂದು ಬಸವಪ್ರಭು ಮಾಲೆಗಳನ್ನು ಆಯ್ದುಕೊಡುತ್ತಾ ಕೇಳಿದ. “ಅದಾ? ಆ ಹಳೇ ಪಾರ್ಕನ್ನ ಹೊಸದು ಮಾಡ್ತಾರಂತೆ. ನಾಳೆ ಹನ್ನೊಂದಕ್ಕೆ ಅಭಿಮಾನಿಗಳ ಸಭೆಯಂತೆ. ಪಾರ್ಕಿಗೂ ಅಭಿಮಾನಿಗಳು, ನೋಡಿ ಕಾಲ! ಅಲ್ಲಾ, ನಿಮ್ ಹೆಸ್ರನ್ನೇ ಇಟ್ಬಿಟ್ಟವ್ರಲ್ಲಜ್ಜಿ ಭೂತಕ್ಕೆ!”

ಅವನು ನಕ್ಕ. ಅಂಜನಮ್ಮನಿಗೆ ನಗು ಬರಲಿಲ್ಲ. ಹೆಸರಷ್ಟೇ ಅಲ್ಲ, ಆ ಭೂತವೇ ತಾನಾಗಿದ್ದಳು.

ಇಪ್ಪತ್ತು ವರ್ಷ ಅವಳು ಮಾಡಿದ ಕೆಲಸ ಅದು. ವಿಶ್ವೇಶ್ವರಪುರದ ಅಂಚಿನಲ್ಲಿದ್ದ ಆನಂದಲೋಕದಲ್ಲಿ ಪುಟಾಣಿ ರೈಲು, ತಿರುಗುವ ಕುದುರೆ, ಒಂದು ಭೂತದ ಮನೆ ಇದ್ದವು. ಭೂತದ ಮನೆಯ ಕರೆಂಟಿನ ಕೆಲಸ ಗಂಡ ಧರ್ಮರಾಜುವಿನದು. ಅವನು ಸ್ವಿಚ್ಚು ಒತ್ತಿದರೆ ರಟ್ಟಿನ ಅಸ್ಥಿಪಂಜರ ಏಳುತ್ತಿತ್ತು, ಬಾವಲಿ ತೂಗುತ್ತಿತ್ತು. ಅವಕ್ಕೆ ಒಂದು ನಾಯಿಯೂ ಹೆದರುತ್ತಿರಲಿಲ್ಲ. ಜನ ಹೆದರುತ್ತಿದ್ದದ್ದು ಅಂಜನಮ್ಮನಿಗೆ. ಕಪ್ಪು ಪರದೆಯ ಹಿಂದೆ ಐಸು ತೇಲುವ ಬೇಸಿನ್ನಿನಲ್ಲಿ ಕೈ ಅದ್ದಿಕೊಂಡು ಕೂತಿರುತ್ತಿದ್ದಳು. ಸರಿಯಾದ ಹೊತ್ತಿಗೆ ಕುತ್ತಿಗೆ ಮುಟ್ಟಿ, ಹೊಟ್ಟೆಯಾಳದಿಂದ ಒಂದು ಕೂಗು ಹಾಕಿದರೆ ಗಟ್ಟಿ ಗಂಡಸರೂ ‘ಅವ್ವಾ’ ಎನ್ನುತ್ತಿದ್ದರು. ಬಸುರಿಯರನ್ನು ಮುಟ್ಟುತ್ತಿರಲಿಲ್ಲ, ಕತ್ತಲಲ್ಲೂ ಹೆಜ್ಜೆಯ ಭಾರದಿಂದಲೇ ಅವಳಿಗೆ ತಿಳಿಯುತ್ತಿತ್ತು. ಜಂಬದ ಹುಡುಗರಿಗೆ ಎರಡೆರಡು ಸಲ. ನಿಜವಾಗಿ ಅತ್ತ ಮಕ್ಕಳನ್ನು ಕೈಹಿಡಿದು ಹಿಂಬಾಗಿಲಿಗೆ ಕರೆದೊಯ್ದರೆ, ಅಲ್ಲಿ ಧರ್ಮರಾಜು ಜೇಬಿನಿಂದ ಪೆಪ್ಪರಮೆಂಟು ತೆಗೆದು ಕೊಡುತ್ತಿದ್ದ.

ವಠಾರದಲ್ಲಿ ಯಾರಿಗೂ ಇದು ಗೊತ್ತಿರಲಿಲ್ಲ. ‘ಟಿಕೆಟ್ ಕೌಂಟರಿನಲ್ಲಿ ಕೆಲಸ’ ಎಂದು ಹೇಳಿದ್ದರು. ಮಗಳು ಶಶಿರೇಖಾಳಿಗೆ ಗಂಡು ಗೊತ್ತಾದ ದಿನ ಧರ್ಮರಾಜು, “ನಾಳೆಯಿಂದ ಬರಬೇಡ ಕಣೆ. ಬೀಗರು ಪಾರ್ಕಿಗೆ ಬಂದು, ನೀನೇ ಅವರ ಕುತ್ತಿಗೆ ಮುಟ್ಟಿದರೆ ಏನು ಗತಿ?” ಎಂದಿದ್ದ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಆಮೇಲೆ ಅವಳು ಆ ಕಡೆ ಕಾಲಿಟ್ಟಿರಲಿಲ್ಲ. ಧರ್ಮರಾಜು ಹೋಗಿಯೂ ನಾಲ್ಕು ವರ್ಷವಾಗಿತ್ತು. ಈಗ ಅವನು ಕೊಲೆಗಾರ ಎಂದು ಗಾಂಧಿ ಬಜಾರಿನ ಕಂಬಕ್ಕೆ ಬರೆದು ಕಟ್ಟಿದ್ದರು.

ಭಾನುವಾರ ಹನ್ನೊಂದಕ್ಕೆ ಅವಳು ಪಾರ್ಕಿನ ಕ್ಯಾಂಟೀನಿನ ಬಾಗಿಲಲ್ಲಿದ್ದಳು. ಒಳಗೆ ಐವತ್ತು ಜನ. ಚಿಕ್ಕ ಮಕ್ಕಳಿರುತ್ತಾರೆ ಎಂದುಕೊಂಡಿದ್ದಳು. ಇದ್ದವರೆಲ್ಲ ಕನ್ನಡಕದವರು, ಬೊಕ್ಕತಲೆಯವರು, ಕಂಕುಳಲ್ಲಿ ಮಗು ಇಟ್ಟುಕೊಂಡವರು. ಎಲ್ಲರ ಅಂಗಿಯ ಮೇಲೂ ಪುಟಾಣಿ ರೈಲಿನ ಚಿತ್ರ. ಆ ರೈಲಿಗಾಗಿ ಆಸ್ತಿ ಪಾಲಿಗೆ ಕೂತ ಅಣ್ಣತಮ್ಮಂದಿರ ಹಾಗೆ ಕಚ್ಚಾಡುತ್ತಿದ್ದರು.

“ರೈಲು ಮುಟ್ಟಂಗಿಲ್ಲ ಗುರು! ಆ ಹಸಿರು ಬಣ್ಣಾನೂ ಮುಟ್ಟಂಗಿಲ್ಲ!”

“ಮಗಾ, ನಿನ್ ಈಗಿನ ಹೊಟ್ಟೆ ಆ ರೈಲಲ್ಲಿ ಹಿಡ್ಸುತ್ತೇನೋ?”

“ಹೊಸ ಕಾಲಕ್ಕೆ ಎತ್ತರದ್ದು ಬೇಕು ಸಾರ್. ಆರಂತಸ್ತಿನ ನೀರು ಜಾರುಬಂಡಿ ಹಾಕ್ಸಿ.”

“ಹಾಕ್ಸಿ, ಹಾಕ್ಸಿ. ಅಕ್ಕಪಕ್ಕದ ಮಹಡೀಲಿ ಒಣಗಾಕಿರೋ ಸೀರೆ ಎಲ್ಲಾ ಅಲ್ಲೇ ತೊಳ್ದಂಗಾಗುತ್ತೆ.”

ನಗೆ ಎದ್ದಿತು. ಮೈಕು ಹಿಡಿದಿದ್ದ, ಅಭಿಮಾನಿ ಬಳಗದ ಮುಖ್ಯಸ್ಥೆ ವಿನುತಾ, “ಸ್ವಲ್ಪ ಸುಮ್ನಿರ್ತೀರಾ!” ಎಂದು ಗದರಿದಳು. ಮೂಲೆಯಲ್ಲಿ ಪಾರ್ಕಿನ ಹಳೆಯ ಯಜಮಾನರ ಮಗ ಮಧುಸೂದನ್ ಎಲ್ಲವನ್ನೂ ಕೇಳುತ್ತಾ ಕೂತಿದ್ದ. ಭೂತದ ಮನೆಯ ಸರದಿ ಬಂದಾಗ ಲೋಹಿತ್ ಎಂಬ ಗಡ್ಡದವನು ಎದ್ದ.

“ಎಲ್ರಿಗೂ ಗೊತ್ತಿರೋ ಕಥೇನೇ. ಎರಡು ಸಾವಿರದ ಏಳು. ನಾನು ಒಂಬತ್ತನೇ ಕ್ಲಾಸು. ದಸರಾ ಮುಗಿದು ನಾಲ್ಕನೇ ದಿನ ಭೂತದ ಮನೆ ಹಿಂಬಾಗಿಲು ತೆರೆದಿತ್ತು. ಒಳಗೆ ನುಗ್ಗಿ ಅಣ್ಣನ ಮೊಬೈಲಲ್ಲಿ ಈ ಫೋಟೋ ತೆಗ್ದೆ.”

ಗೋಡೆಯ ಪರದೆ ಬೆಳಗಿತು. ಮಸುಕು ಚಿತ್ರ. ಸ್ವಿಚ್ ಬೋರ್ಡಿನ ಪಕ್ಕ ಒಬ್ಬ ಹೆಂಗಸಿನ ಫೋಟೋ, ಅದಕ್ಕೆ ಒಣಗಿದ ಹಾರ. ನೆಲದ ಮೇಲೆ ಅಗಲವಾದ ಕೆಂಪು ಕಲೆ. ಕಲೆಯ ನಡುವೆ ಒಂದು ಸ್ಪ್ಯಾನರು.

“ಭೂತದ ಮನೇಲಿ ಕೆಲ್ಸ ಮಾಡ್ತಿದ್ದ ಅಂಜನಮ್ಮ ಹಿಂದಿನ ವರ್ಷವೇ ಇದ್ದಕ್ಕಿದ್ದಂಗೆ ಮಾಯ. ಗಂಡ ಧರ್ಮರಾಜು ಮಾತ್ರ ಏನೂ ಆಗದೋನ ಹಾಗೆ ಕೆಲ್ಸಕ್ಕೆ ಬರ್ತಾನೇ ಇದ್ದ. ಯಾರಾದ್ರೂ ಕೇಳಿದ್ರೆ ನಗ್ತಿದ್ದನಂತೆ.”

“ರೋಮ ಎದ್ದು ನಿಲ್ಲುತ್ತೆ ಮಚ್ಚಾ,” ಎಂದು ಯಾರೋ ಅಂದರು. “ನೀನು ನೆಟ್ಟಲ್ಲಿ ಬರ್ದಿದ್ದನ್ನ ನಾನಂತೂ ನೂರು ಸಲ ಓದಿದೀನಿ.”

ಅಂಜನಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಮದುವೆಯಾದಾಗಿನಿಂದ ತಾನು ಒಮ್ಮೆಯೂ ಬಾಯಿಬಿಟ್ಟು ಹೇಳದ ಗಂಡನ ಹೆಸರು ಅದು. ಮೀಸೆ ಬಂದ ಮಕ್ಕಳು ಅದನ್ನು ಏಕವಚನದಲ್ಲಿ ಚೂಯಿಂಗ್ ಗಮ್ಮಿನ ಹಾಗೆ ಜಗಿಯುತ್ತಿದ್ದರು.

“ಏನ್ರಪ್ಪಾ!” ಎಂದಳು. “ನಮ್ಮ ಯಜಮಾನ್ರು ಬೋನಿಗೆ ಬಿದ್ದ ಇಲಿಯನ್ನೂ ಕೊಲ್ತಿರ್ಲಿಲ್ಲ. ಲಾಲ್‌ಬಾಗ್ ತನಕ ಸೈಕಲ್ಲಲ್ಲಿ ಹೋಗಿ ಬಿಟ್ಟು ಬರೋರು. ಅವ್ರನ್ನ ಕೊಲೆಗಾರ ಅಂತೀರಾ?”

“ಅಜ್ಜೀ, ನೀವ್ಯಾರು?” ಎಂದಳು ವಿನುತಾ.

“ನಾನೇ ಕಣಮ್ಮಾ. ಸತ್ತೋಳು.”

ಚಪ್ಪಾಳೆ ಬಿತ್ತು. “ಲೋಹಿತಾ, ಆಕ್ಟಿಂಗಿಗೆ ಎಲ್ಲಿಂದ ಕರ್ಸಿದ್ಯೋ ಅಜ್ಜೀನ? ಸಖತ್ತಾಗಿದಾರೆ!” ಲೋಹಿತ್ ಎರಡೂ ಕೈ ಮೇಲೆತ್ತಿ, “ನಂಗೊತ್ತಿಲ್ಲ ಗುರು, ಆಣೆ!” ಎಂದ. ಯಾರೂ ನಂಬಲಿಲ್ಲ.

ಅಂಜನಮ್ಮನಿಗೆ ಬೇರೆ ದಾರಿ ಕಾಣಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಕಣ್ಣು ಮುಚ್ಚಿ ಹೊಟ್ಟೆಯಾಳದಿಂದ ಆ ಕೂಗನ್ನು ಎತ್ತಿದಳು. ಹತ್ತೊಂಬತ್ತು ವರ್ಷ ಒಳಗೇ ಇದ್ದದ್ದು, ಅರವತ್ತೊಂಬತ್ತರ ಗಂಟಲನ್ನು ಸೀಳಿಕೊಂಡು ಬಂತು. ಕಂಕುಳಲ್ಲಿದ್ದ ಮಕ್ಕಳು ಅತ್ತವು. ಅಡುಗೆಮನೆಯಲ್ಲಿ ಏನೋ ಪಾತ್ರೆ ಬಿತ್ತು. ವಿನುತಾಳ ಕೈ ತಾನಾಗಿಯೇ ತನ್ನ ಕುತ್ತಿಗೆಗೆ ಹೋಯಿತು.

“ಅದೇ,” ಎಂದಳು ವಿನುತಾ, ಮೈಕು ಕೆಳಗಿಳಿದಿತ್ತು. “ಅದೇ ಕೂಗು. ಅದು ಟೇಪಿಂದು ಅಂತ ನಾವು ಹತ್ತು ವರ್ಷ ಜಗಳ ಆಡಿದೀವಿ.”

ಈಗ ಬೆಚ್ಚಿಬೀಳುವ ಸರದಿ ಅವರದಾಗಿತ್ತು. ಆದರೆ ಅಂಜನಮ್ಮ ಅವರ ಕಡೆ ನೋಡುತ್ತಿರಲಿಲ್ಲ. ಪರದೆಯ ಹತ್ತಿರ ಹೋಗಿ ಆ ಚಿತ್ರಕ್ಕೆ ಮೂಗು ತಾಗುವಷ್ಟು ಬಾಗಿದಳು. ತನ್ನದೇ ಫೋಟೋ. ಕೆಲಸದ ಕಾರ್ಡಿಗೆಂದು ತೆಗೆಸಿದ್ದು. ಅದಕ್ಕೆ ಹಾರ! ಬದುಕಿದ್ದ ಹೆಂಡತಿಯ ಫೋಟೋಗೆ ಹಾರ ಹಾಕಿದ್ದಾರೆ! ಆ ಕೆಲಸ ಮಾಡಿದವರು ಇನ್ಯಾರೂ ಇರಲಾರರು. ಆ ಕೋಣೆಯ ಬೀಗದ ಕೈ ಇದ್ದದ್ದು ಒಬ್ಬರ ಹತ್ತಿರವೇ. ಹೀಗೂ ಬಯಸಿದ್ದರಾ ತನ್ನ ಸಾವನ್ನು?

ಆಮೇಲೆ ಕಣ್ಣಿಗೆ ಬೇರೆಯದೂ ಬಿತ್ತು. ಪ್ರತಿ ಸ್ವಿಚ್ಚಿನ ಮೇಲೂ ಒಂದೊಂದು ಕುಂಕುಮದ ಬೊಟ್ಟು. ಸ್ಪ್ಯಾನರಿನ ಹಿಡಿಗೆ ವಿಭೂತಿಯ ಮೂರು ಗೆರೆ. ಕೆಂಪು ಕಲೆಯ ಅಂಚಿನಲ್ಲಿ ಬಿಳಿ ತಿರುಳಿನ ಚೂರು.

“ಇದು ರಕ್ತ ಅಲ್ಲ ಕಣ್ರಪ್ಪಾ,” ಎಂದಳು. “ಕುಂಬಳಕಾಯಿ. ಕುಂಕುಮ ತುಂಬಿ ಒಡೆದಿರೋದು. ಆಯುಧಪೂಜೆ ಇದು.”

ಕ್ಯಾಂಟೀನಿನಲ್ಲಿ ಗುಸುಗುಸು. “ಥೂ, ಹೌದಲ್ವೇನೋ! ನಮ್ ಬೈಕಿಗೂ ಮಾಡ್ತೀವಿ!” ಎಂದು ಒಬ್ಬ ಹಣೆ ಚಚ್ಚಿಕೊಂಡ. ಲೋಹಿತ್ ಮುಖ ಸುಣ್ಣವಾಗಿತ್ತು. “ಆದ್ರೆ ಅಜ್ಜೀ, ಫೋಟೋಗೆ ಹಾರ ಯಾಕೆ?”

ಪ್ರತಿ ಆಯುಧಪೂಜೆಗೂ ಧರ್ಮರಾಜು ಸ್ವಿಚ್ಚುಗಳಿಗೆಲ್ಲ ಬೊಟ್ಟಿಟ್ಟು, ಕೊನೆಗೆ ಅವಳ ಜಡೆಗೊಂದು ಮೊಳ ಮಲ್ಲಿಗೆ ಮುಡಿಸುತ್ತಿದ್ದ. ‘ಈ ಮನೇಲಿ ಕೆಲಸ ಮಾಡೋದು ಎರಡೇ. ಒಂದು ಮೇನ್ ಸ್ವಿಚ್ಚು, ಇನ್ನೊಂದು ನೀನು’ ಎನ್ನುತ್ತಿದ್ದ. ಆ ವರ್ಷ ಮುಡಿಸಲು ಜಡೆ ಅಲ್ಲಿರಲಿಲ್ಲ. ಫೋಟೋಗೆ ಹಾರ ಹಾಕಿದರೆ ನೋಡಿದವರು ಏನೆಂದುಕೊಳ್ಳುತ್ತಾರೆ ಎಂಬ ಪರಿವೆಯೇ ಇಲ್ಲದ ಮನುಷ್ಯ. ಮನೆಯ ಮಿಕ್ಸಿಗೂ ಹೂವಿಡುತ್ತಿದ್ದವನು. ಇದನ್ನೆಲ್ಲ ಹೇಳುವಾಗ ವಿನುತಾ ಕುರ್ಚಿ ಎಳೆದು ಅವಳನ್ನು ಕೂರಿಸಿದಳು.

ಮಧುಸೂದನ್ ಎದ್ದು ಬಂದು ಕೈಮುಗಿದ. “ಅಮ್ಮಾ, ತಪ್ಪಾಯ್ತು. ಆದ್ರೆ ಬ್ಯಾನರೆಲ್ಲಾ ಕಟ್ಟಾಗಿದೆ, ಒಳಗಿನ ಕೆಲ್ಸಾನೂ ಶುರುವಾಗಿದೆ. ಬಳಗದೋರೇ ಹೇಳ್ಲಿ. ಕೊಲೆ ಕಥೆ ಬೇಡ ಅನ್ನೋರು ಕೈಯೆತ್ತಿ.”

ಐವತ್ತೂ ಕೈ ಏಳುತ್ತವೆ ಎಂದು ಅವಳು ನಂಬಿದ್ದಳು. ಎದ್ದದ್ದು ಹತ್ತೋ ಹನ್ನೆರಡೋ. ವಿನುತಾಳದೂ ಇತ್ತು. ಲೋಹಿತನದು ಇರಲಿಲ್ಲ.

“ಬೇಜಾರ್ ಮಾಡ್ಕೋಬೇಡಿ ಅಜ್ಜೀ,” ಎಂದಳು ಮಗು ಎತ್ತಿಕೊಂಡಿದ್ದ ಒಬ್ಬಾಕೆ. “ಕೊಲೆ ಇಲ್ದಿದ್ರೆ ಹೆದ್ರಿಕೆ ಎಲ್ಲಿರುತ್ತೆ ಹೇಳಿ?”

ಅಂಜನಮ್ಮ ಅವಳನ್ನೇ ನೋಡಿದಳು. ಇಪ್ಪತ್ತು ವರ್ಷ ಜನರನ್ನು ಹೆದರಿಸಿದವಳು ತಾನು. ನಿಜ ಗೊತ್ತಾದ ಮೇಲೂ ಸುಳ್ಳೇ ಇರಲಿ ಎನ್ನುವ ಜನರನ್ನು ಕಂಡು ಹೆದರಿದ್ದು ಇದೇ ಮೊದಲು.

“ಹೆಸ್ರು ಬದಲಾಯಿಸ್ಬಿಡೋಣ ಅಮ್ಮಾ,” ಎಂದ ಮಧುಸೂದನ್.

“ಹೆಸ್ರು ಬದಲಾಯಿಸಿದ್ರೆ? ಆ ಮನೇಲಿ ಸ್ವಿಚ್ ಒತ್ತುತ್ತಿದ್ದೋರು ಅವ್ರೊಬ್ಬರೇ ಅಂತ ಈ ಬೀದೀಲಿ ಯಾರಿಗಪ್ಪಾ ಗೊತ್ತಿಲ್ಲ?”

ಅಂಜನಮ್ಮ ಕುರ್ಚಿಯ ಕೈ ಹಿಡಿದು ನೆಟ್ಟಗೆ ಕೂತಳು.

“ನಿಮ್ಗೆ ನಾನು ಸತ್ತಿರ್ಬೇಕು, ಅಷ್ಟೇ ತಾನೆ? ಸತ್ತೇ ಇರ್ತೀನಿ. ನನ್ ಹೆಸ್ರೂ ಇರ್ಲಿ. ಬೇಕಾದ್ರೆ ಕೂಗನ್ನೂ ಕೊಡ್ತೀನಿ, ತುಂಬಿಸ್ಕೊಳಿ ನಿಮ್ ಮಿಷಿನ್ನಿಗೆ. ಆದ್ರೆ ಹೆಂಗೆ ಸತ್ತೆ ಅಂತ ನಾನೇ ಹೇಳ್ತೀನಿ, ನೀವು ಹಂಗೇ ಬರೀಬೇಕು. ಇಲ್ಲಾಂದ್ರೆ ಕೂಗೂ ಇಲ್ಲ, ನಾಳೆಯಿಂದ ನಿಮ್ ಗೇಟಿನ ಮುಂದೇನೇ ಹೂ ಕಟ್ಕೊಂಡು ಕೂರ್ತೀನಿ, ಬದುಕಿರೋ ಅಂಜನಮ್ಮ ಅಂತ ಬೋರ್ಡ್ ಹಾಕ್ಕೊಂಡು.”

“ನಿಜವಾದ ಕೂಗು ಸಿಗುತ್ತೆ ಗುರು, ಒಪ್ಕೋ!” ಎಂದು ಹಿಂದಿನಿಂದ ಯಾರೋ ಕೂಗಿದರು. ಮಧುಸೂದನ್ ಲೋಹಿತನ ಮುಖ ನೋಡಿದ. ಲೋಹಿತ್ ಸದ್ದಿಲ್ಲದೆ ಬಂದು ಅವಳ ಕಾಲ ಬಳಿ ನೆಲದ ಮೇಲೆ ಕೂತು ಮೊಬೈಲು ತೆರೆದ. “ಹೇಳಿ ಅಜ್ಜೀ. ಬರ್ಕೋತೀನಿ.”

“ಜ್ವರ ಬಂತು.”

“ಜ್ವರಾನಾ? ಅಷ್ಟೇನಾ?”

“ಅಷ್ಟೇ. ಹನ್ನೊಂದು ದಿನ. ಡಾಕ್ಟ್ರು ಆಗಲ್ಲ ಅಂದ್ರು. ಯಜಮಾನ್ರು ಹಾಸಿಗೆ ಪಕ್ಕ ಬಿಟ್ಟು ಏಳ್ಲಿಲ್ಲ. ಚಮಚದಲ್ಲಿ ನೀರು ಹಾಕೋರು. ಕೊನೇ ದಿನ ಗುರುತು ಸಿಗ್ಲಿಲ್ಲ, ಆದ್ರೂ ಕೈ ಹಿಡ್ಕೊಂಡೇ ಇದ್ರು.”

ನಾಲ್ಕು ವರ್ಷದ ಹಿಂದೆ ಆ ಹಾಸಿಗೆಯ ಮೇಲೆ ಮಲಗಿದ್ದವನು ಯಾರು, ಚಮಚ ಹಿಡಿದು ಕೂತಿದ್ದವಳು ಯಾರು ಎಂಬುದನ್ನು ಅವಳು ಹೇಳಲಿಲ್ಲ. ಲೋಹಿತ್ ಬರೆದುಕೊಂಡ. ಅವನ ಹೆಬ್ಬೆರಳು ಒಮ್ಮೆ ನಿಂತು ಮತ್ತೆ ಓಡಿತು.

ವಿನುತಾ ಮೆಲ್ಲಗೆ ಕೇಳಿದಳು. “ಹಂಗಾದ್ರೆ ಭೂತ ವಾಪಸ್ ಯಾಕೆ ಬರುತ್ತೆ ಅಜ್ಜೀ? ಸೇಡಿಲ್ಲ, ಶಾಪ ಇಲ್ಲ.”

“ಯಾಕೆ ಅಂದ್ರೆ? ಅವರೊಬ್ಬರೇ ಸ್ವಿಚ್ ಒತ್ಕೊಂಡು ಕೂತಿರ್ತಾರಲ್ಲಮ್ಮಾ, ಅದಕ್ಕೆ.”

ಅಂಜನಮ್ಮ ಬರೆದದ್ದನ್ನು ಒಂದು ಸಲ ಗಟ್ಟಿಯಾಗಿ ಓದಲು ಹೇಳಿದಳು. ಲೋಹಿತ್ ಓದಿದ. “ಹತ್ತು ದಿನ ಅಂತ ಹಾಕಿದೀಯ,” ಎಂದಳು, “ಹನ್ನೊಂದು. ತಿದ್ದು.”