ಒಪ್ಪಿಗೆ ಕೇಳಿದ ಗುಳಿಗೆ

ನಿಜಾಮರ ಕಾಲದಲ್ಲಿ ನಾನು ಕುಷ್ಟಗಿಯ ದವಾಖಾನೆಯಲ್ಲಿ ಡಾಕ್ಟರನಾಗಿದ್ದಾಗ ನ್ಯುಮೋನಿಯಾಕ್ಕೆ ಹೊಸ ಗುಳಿಗೆ ಬಂದಿತ್ತು. ದೊಡ್ಡವರಿಗೆ ಗುಣ ಕೊಟ್ಟಿತ್ತು. ಕೂಸುಗಳಿಗೆ ಏನು ಮಾಡೀತೆಂದು ಯಾರಿಗೂ ಪೂರಾ ಗೊತ್ತಿರಲಿಲ್ಲ. ಹೆತ್ತವರ ಒಪ್ಪಿಗೆಯಿಲ್ಲದೆ ಅವಕ್ಕೆ ಅದನ್ನು ಕೊಡಕೂಡದೆಂದು ನಾನೇ ನಿಯಮ ಹಾಕಿದ್ದೆ.

ಹಳ್ಳಿಯಿಂದ ಬಂದಿದ್ದ ಹನುಮವ್ವನ ಕೂಸು ಅದೇ ನ್ಯುಮೋನಿಯಾದಿಂದ ಏದುಸಿರು ಬಿಡುತ್ತಿತ್ತು. ಗುಳಿಗೆಯ ವಿಷಯ ವಿವರಿಸಿದೆ; ನನ್ನ ಪುಸ್ತಕದ ಕನ್ನಡ ಆಕೆಗೆ ತಿಳಿಯಲಿಲ್ಲ. ಒಪ್ಪಿಗೆಗೆ ಕಚೇರಿಯ ಉರ್ದುವಿನಲ್ಲಿದ್ದ ಮಾತನ್ನೇ ಹಿಡಿದು, "ಹಾಗಾದರೆ ರಜಾ ತಾನೇ?" ಎಂದೆ.

"ಆತ್ರಿ ಸಾಹೇಬ್ರ" ಎಂದವಳೇ ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ಬಾಗಿಲಿಗೆ ನಡೆದಳು.

"ಎಲ್ಲಿಗಮ್ಮಾ?"

"ಮನಿಗ್ರಿ. ರಜಾ ಅಂತ ನೀವ ಅಂದ್ರೆಲ್ಲ! ಸಾಲಿ ಹುಡುಗ್ರಿಗೆ ಬಿಟ್ಟಂಗ."

ತಡೆದು ನಿಲ್ಲಿಸಿ ಮತ್ತೆ ಮೊದಲಿನಿಂದ ಹೇಳಿದೆ. ಗುಣವಾಗಬಹುದು, ಆಗದಿರಬಹುದು, ಕೆಡುಕೂ ಆಗಬಹುದು. ತೀರ್ಮಾನ ನಿನ್ನದು ಎಂದೆ.

"ಗುಣ ಆಗೂದು ಗೊತ್ತಿದ್ರ ನನ್ನ ಯಾಕ ಕೇಳ್ತೀರಿ? ಗೊತ್ತಿಲ್ಲಂದ್ರ ಯಾಕ ಕೊಡ್ತೀರಿ?"

ಕೂಸನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡು ಆಕೆಯೇ ಮುಂದುವರಿಸಿದಳು.

"ನಾ ಬ್ಯಾಡ ಅಂದ್ರ ಸುಮ್ನ ಕುಂದರ್ತೀರೇನ್ರಿ?"

ನಿಯಮ ನನ್ನದೇ. "ಹೌದು" ಎಂದೆ.

ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ನಮ್ಮೂರಾಗ ಎತ್ತಿಗೆ ಔಷಧ ಹಾಕೋ ಸಿದ್ದಪ್ಪ ನಿಮಗಿಂತ ಛಲೋ ಅದಾನ್ರಿ. ಎತ್ತನ್ನ ಏನೂ ಕೇಳೂದಿಲ್ಲ, ಹಾಕ್ತಾನ. ಕೂಸಿಗೆ ಉಸಿರಾಡಾಕ ಆಗವಲ್ದು, ಇಲ್ಲಿ ಪಂಚಾಯ್ತಿ ಹಚ್ಚೀರಿ. ಕೊಡ್ರಿ, ಅತ್ಲಾಗ!"

ಕೊಟ್ಟೆ. ಕೂಸು ಉಳಿಯಿತು. ಆಕೆ ನನಗೆ ಕೊಟ್ಟದ್ದು ಒಪ್ಪಿಗೆಯೋ ಬೈಗುಳವೋ ಎಂಬುದು ಮಾತ್ರ ಇಂದಿಗೂ ಇತ್ಯರ್ಥವಾಗಿಲ್ಲ.