ಲೋಹದ ಕತ್ತಿನ ಗಿಟಾರಿಗೆ ಆಯುಧಪೂಜೆ

ಆರತಕ್ಷತೆಯ ಆರ್ಕೆಸ್ಟ್ರಾದಲ್ಲಿ ಬೇಸ್ ಗಿಟಾರ್ ನುಡಿಸಿದವನ ಮುಖ ನಿಮಗೆ ಎಂದಾದರೂ ನೆನಪಿನಲ್ಲಿ ಉಳಿದಿದೆಯೇ? ಇಲ್ಲವೆಂದರೆ ನಾಚಿಕೊಳ್ಳಬೇಡಿ. ಚಾಮರಾಜನಗರದ ನಮ್ಮ ತಂಡದ ಯಜಮಾನರಿಗೂ ಉಳಿಯುತ್ತಿರಲಿಲ್ಲ.

ತೊಂಬತ್ತರ ದಶಕದಲ್ಲಿ ನಾನು ಆ ತಂಡದ ನಿರೂಪಕ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪಳಗಿದ ನಾಲಿಗೆಯಿಂದ, ಎರಡು ಹಾಡುಗಳ ನಡುವಿನ ಬಿಡುವಿನಲ್ಲಿ ಸಮಾಜವನ್ನು ತಿದ್ದುತ್ತಿದ್ದೆ. ಸಮಾಜವು ಅಷ್ಟರಲ್ಲಿ ಊಟದ ಪಂಕ್ತಿಗೆ ಎದ್ದುಹೋಗಿರುತ್ತಿತ್ತು. ಬೇಸ್ ನುಡಿಸುತ್ತಿದ್ದವನು ಹರದನಹಳ್ಳಿಯ ನನ್ನ ಗೆಳೆಯ. ಊಟಿಯ ಹಳೇ ಸಾಮಾನಿನ ಅಂಗಡಿಯಲ್ಲಿ ಅವನಿಗೆ ಸಿಕ್ಕಿದ್ದ ವಾದ್ಯ ಎಪ್ಪತ್ತರ ದಶಕದ ವಿದೇಶಿ ಮಾಲು: ಒಡಲು ಮರದ್ದು, ಕತ್ತು ಅಲ್ಯೂಮಿನಿಯಂನದು, ತುದಿ ಕವೆಯಂತೆ ಇಬ್ಭಾಗ. ಚಳಿಯಲ್ಲಿ ಒಂದು ಶ್ರುತಿ, ವೇದಿಕೆಯ ದೀಪದ ಕಾವಿಗೆ ಇನ್ನೊಂದು.

“ಬೇಲಿ ಕವೆ ಇದ್ದಂಗದಲ್ಲಾ ಇದು,” ಎಂದರು ಯಜಮಾನರು. “ಗುಂಡ್ಲುಪೇಟೆ ಪ್ರೋಗ್ರಾಮಲ್ಲಿ ಬೇಸು ಹದವಾಗಿ ಬರ್ನಿಲ್ಲ ಅಂದ್ರೆ ನೀನು ಮನೇಲಿರು. ಕೀಬೋರ್ಡಿನವನ ಎಡಗೈ ಸುಮ್ನೆ ತಾನೆ ಅದೆ, ಅದ್ರಲ್ಲೇ ಬೇಸು ನುಡಿಸ್ಕತಾನೆ.”

ಆ ಕಾರ್ಯಕ್ರಮ ವಿಜಯದಶಮಿಯ ಸಂಜೆ. ಹಿಂದಿನ ದಿನ ಗೆಳೆಯನ ಮನೆಯಲ್ಲಿ ಆಯುಧಪೂಜೆ. ಅವನ ತಾಯಿ ಕುಡುಗೋಲು, ಹಾರೆ, ಗುದ್ದಲಿಗಳನ್ನು ಅಂಗಳಕ್ಕೆ ತಂದು, ಗಿಟಾರನ್ನು ಮಂಚದ ಮೇಲೆಯೇ ಬಿಟ್ಟಿದ್ದರು. ನಾನು ಸುಮ್ಮನಿರಬಹುದಿತ್ತು. ಆದರೆ ದುಡಿಮೆಯ ಸಲಕರಣೆಗಳಲ್ಲಿ ಮೇಲುಕೀಳು ಸಲ್ಲದೆಂದೂ, ಕುಡುಗೋಲಿಗೆ ಸಲ್ಲುವ ಮರ್ಯಾದೆಯೆಲ್ಲವೂ ವಾದ್ಯಕ್ಕೂ ಸಲ್ಲಬೇಕೆಂದೂ ಕಾಲು ಗಂಟೆ ವಾದಿಸಿದೆ. ಪ್ರತಿವಾದಿಯಿಲ್ಲದ ಕಾರಣ ಭರ್ಜರಿಯಾಗಿ ಗೆದ್ದೆ. ಬಳಿಕ ನಾವಿಬ್ಬರೂ ಬೂದುಗುಂಬಳ ತರಲು ಹೋದೆವು.

ಮರದ ಸಾಮಾನಿಗೆ ಕುಂಕುಮ ಸಾಕು. ಲೋಹದ್ದನ್ನು ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿ ತೊಳೆಯಲೇಬೇಕು. ಆ ಮನೆಯ ಪದ್ಧತಿ ಅದು. ಗಿಟಾರಿನ ಕತ್ತು ಲೋಹದ್ದು.

“ಏನವ್ವಾ ಮಾಡ್ಬುಟ್ಟೆ?” ಹಿಂತಿರುಗಿ ಅಂಗಳಕ್ಕೆ ಕಾಲಿಟ್ಟೊಡನೆ ಗೆಳೆಯ ಕೂಗಿದ.

“ತೊಳೀದೆ ಪೂಜೆ ಮಾಡಕಾದದಾ ಮಗ? ಎರಡು ಕೊಡ ನೀರುಯ್ದು ತಿಕ್ಕಿವ್ನಿ. ಕುಡ್ಲಿಗೂ ಇದಕ್ಕೂ ಭೇದ ಮಾಡ್ಬ್ಯಾಡಿ ಅಂತ ನಿನ್ ಸ್ನೇಹಿತನೇ ಹೇಳ್ನಲ್ಲ.”

ಕತ್ತು ಬೆಳ್ಳಿಯಂತೆ ಹೊಳೆಯುತ್ತಿತ್ತು. ಒಡಲೊಳಗಿನ ವೈರುಗಳಿಂದ ನೀರು ತೊಟ್ಟಿಕ್ಕುತ್ತಿತ್ತು. ಗೆಳೆಯ ನನ್ನನ್ನೇ ನೋಡಿದ. “ಮಾತಾಡು ಕಣ್ಲಾ, ಈಗ ಮಾತಾಡು.”

ಗುಂಡ್ಲುಪೇಟೆಯಲ್ಲಿ ಆ ವಾದ್ಯದಿಂದ ಒಂದು ಸ್ವರವೂ ಹೊರಡಲಿಲ್ಲ. ಬದಲಿಗೆ ಇನ್ನೊಂದಿರಲಿಲ್ಲ, ಎರಡೂವರೆ ಗಂಟೆ ಅವನು ಸುಮ್ಮನೆ ಬೆರಳಾಡಿಸುತ್ತ ನಿಂತ. ಜನ ಚಪ್ಪಾಳೆ ತಟ್ಟಿದರು. ಕೊನೆಗೆ ಯಜಮಾನರು ಬಂದು ಅವನ ಬೆನ್ನು ತಟ್ಟಿದರು.

“ಇವತ್ತು ಬೇಸು ಹದವಾಗಿತ್ತು ಕಣ್ಲಾ. ಇಂಗೇ ನುಡ್ಸು, ನಿನ್ ಜಾಗ ಎಲ್ಲೂ ಓಗಲ್ಲ.”

ಹೀಗೆ ಅವನ ಸ್ಥಾನ ಉಳಿಯಿತು. ಹಿಂತಿರುಗುವ ವ್ಯಾನಿನಲ್ಲಿ ಅವನೆಂದ: “ಮೂಗನಾದ್ಮೇಲೆ ಮೆಚ್ಕಂಡ್ರು. ನಾನು ಬುಟ್ಬುಡ್ತೀನಿ ಕಣ್ಲಾ.” ಅವನನ್ನು ತಡೆಯಲು ನನ್ನಲ್ಲಿ ನಾಲ್ಕು ವಾದಗಳು ಸಿದ್ಧವಿದ್ದವು. ಒಂದನ್ನೂ ನಾನೇ ನಂಬಲಿಲ್ಲ.

ಅವನು ತಂಡ ಬಿಟ್ಟ. ವಾರವಿಡೀ ನೆರಳಿನಲ್ಲಿ ಆರಿದ ಮೇಲೆ ಗಿಟಾರಿಗೆ ದನಿ ಮರಳಿತು. ಜಗಲಿಯ ಮೇಲೆ ಕೂತು ಅವನೊಬ್ಬನೇ ನುಡಿಸಿದಾಗ, ತಂಬಿಗೆಯ ನೀರು ನಡುಗುವಂಥ ಆ ತಗ್ಗು ನಾದವನ್ನು ಮೊದಲ ಬಾರಿಗೆ ಕೇಳಿದೆ. ಎರಡು ವರ್ಷ ಅವನ ಪಕ್ಕದಲ್ಲೇ ನಿಂತು ಮಾತಾಡಿದ್ದವನು ನಾನು. ಯಜಮಾನರನ್ನು ದೂರಲು ನನಗೆ ಯಾವ ಹಕ್ಕೂ ಇರಲಿಲ್ಲ.

ಮುಂದಿನ ಸಲ ಆರ್ಕೆಸ್ಟ್ರಾ ಕೇಳಲು ಕುಳಿತಾಗ, ದಯವಿಟ್ಟು ಒಂದು ಹಾಡಿನುದ್ದಕ್ಕೂ ಬೇಸ್ ಗಿಟಾರನ್ನಷ್ಟೇ ಕೇಳಿ. ಕೇಳಿಸಿದರೆ, ನುಡಿಸಿದವನ ಬಳಿ ಹೋಗಿ ಹಾಗೆಂದು ಹೇಳಿ.